ನಿಮಗಿದು ಗೊತ್ತೆ? ಆಮೆಗೆ ಕೆಮ್ಮಲು ಬಾರದು!

ಆಮೆಗೆ ನಮ್ಮಂತೆ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆ, ಅಂದರೆ ವಪೆಯಿಲ್ಲ. ಜೋರಾಗಿ ಕೆಮ್ಮಿ ಕಫ ಹೊರಹಾಕಲಾರದು. ಹಾಗಾಗಿ ನ್ಯುಮೋನಿಯಾ ಬಂದರೆ ಕಫ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿದ ಕಣ್ಣು, ಮೇವು ಬಿಡುವುದು ಇದರ ಸುಳಿವು. ಹೊಸೂರಿನ ಡಿಸೆಂಬರ್ ಚಳಿ, ಒದ್ದೆ ನೆಲ ಎರಡೂ ಇಂಥ ಆಮೆಗೆ ಆಗಿಬರುವುದಿಲ್ಲ. ಬೆಚ್ಚನೆಯ ಒಣ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಿಗೆ ತೋರಿಸಿ. ಬಾಯಿಗೆ ಹಾಲು ಹುಯ್ಯುವ ಉಪಚಾರವಂತೂ ಬೇಡವೇ ಬೇಡ.

ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳಿದ್ದರೆ ಮಾತೇ ಬೇರೆ. ಕೃಷ್ಣಗಿರಿ ಸೀಮೆಯಂಥ ಒಣ ಕುರುಚಲು ಕಾಡಿನ ಈ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಬಿತ್ತು. ಅರಣ್ಯ ಇಲಾಖೆಗೆ ಒಪ್ಪಿಸಿ. ನೀವೇ ಕಾಡಿಗೆ ಬಿಟ್ಟರೆ ಅಲ್ಲಿನ ಆಮೆಗಳಿಗೂ ರೋಗ ಅಂಟೀತು.