ತೇಗದ ಮಂಚಕ್ಕೆ ಬಂದರಿನ ಸುಂಕ

ಆಡಿ ಮಾಸ ಬಂತೆಂದರೆ ಪಳನಿ, ದಿಂಡಿಗಲ್ಲು, ತೇನಿಗಳ ಪೀಠೋಪಕರಣದ ಅಂಗಡಿಗಳಲ್ಲಿ ‘ಆಡಿ ತಳ್ಳುಪಡಿ’ಯ ಫಲಕಗಳು ತೂಗತೊಡಗುವುವು. ಮದುವೆಗಳು ನಡೆಯದ ಆ ತಿಂಗಳಲ್ಲಿ ವ್ಯಾಪಾರವು ಕುಂದದಂತೆ ವರ್ತಕರು ಹೂಡಿದ ಈ ರಿಯಾಯಿತಿಯ ಉಪಾಯವು, ಮುಂದಿನ ಆವಣಿ ಮಾಸದ ಮುಹೂರ್ತಕ್ಕೆ ಮಗಳ ಸೀರನ್ನು, ಎಂದರೆ ತವರಿನಿಂದ ಕೊಡುವ ಮದುವೆಯ ಸಾಮಾನುಗಳನ್ನು, ಜೋಡಿಸಬೇಕಾದ ತಂದೆತಾಯಿಗಳಿಗೂ ಅನುಕೂಲವೇ ಆಗಿದೆ. ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸೀಮೆಯಲ್ಲಿಯೂ ತಲೆಮಾರುಗಳಿಂದ ನೆಲಸಿ, ಮನೆಯೊಳಗೆ ಕನ್ನಡವನ್ನೇ ಆಡಿಕೊಂಡು ಬಂದಿರುವ ಕಪ್ಪಿಲಿಯರ್, ಅನುಪ್ಪರ್ ಕುಟುಂಬಗಳಿಗೂ ಮಂಚ, ಬೀರು, ಸೋಫಾಗಳ ಬೆಲೆಯು ಮದುವೆಯ ಲೆಕ್ಕದಲ್ಲಿ ಹಗುರವಾದ ಬಾಬಲ್ಲ. ಆ ಬೆಲೆಯಲ್ಲಿ ಬಡಗಿಯ ಕೂಲಿಯೆಷ್ಟು, ಅಂಗಡಿಯವನ ಲಾಭವೆಷ್ಟು ಎಂಬುದನ್ನು ಅನುಭವಸ್ಥರು ಊಹಿಸಬಲ್ಲರು; ಬಂದರಿನಲ್ಲಿ ಸರ್ಕಾರಕ್ಕೆ ಸಂದ ಸುಂಕ ಮಾತ್ರ ಯಾವ ಫಲಕದಲ್ಲಿಯೂ ಕಾಣದು.

ವಿದೇಶದಲ್ಲಿ ಸಿದ್ಧವಾಗಿ ಬರುವ ಪೀಠೋಪಕರಣದ ಮೇಲಿನ ಮೂಲ ಸುಂಕವನ್ನು ಕೇಂದ್ರ ಸರ್ಕಾರವು 2018ರಲ್ಲಿ ಶೇಕಡ 10ರಿಂದ 20ಕ್ಕೂ, 2020ರಲ್ಲಿ 25ಕ್ಕೂ ಏರಿಸಿತು. 10,000 ರೂಪಾಯಿಯ ಸೋಫಾ ಒಂದು ಬಂದರಿಗೆ ಬಂದಿತೆನ್ನಿ. 2020ರ ದರದಂತೆ ಸುಂಕ 2,500. ಆ ಸುಂಕದ ಮೇಲೆ ಶೇಕಡ 10ರ ಸಮಾಜಕಲ್ಯಾಣ ಮೇಲ್ತೆರಿಗೆ 250. ಇವೆಲ್ಲ ಕೂಡಿದ 12,750ರ ಮೇಲೆ ಶೇಕಡ 18ರ ಜಿಎಸ್‌ಟಿ 2,295. ಅಂಗಡಿಯ ಬಾಡಿಗೆ, ಸಾಗಣೆ, ಲಾಭ ಯಾವುದೂ ಸೇರುವ ಮೊದಲೇ ಮೊತ್ತವು 15,045ಕ್ಕೆ ಏರಿತು. ಸುಂಕದ ಮೇಲೆಯೂ ತೆರಿಗೆ ಬೀಳುವುದರಿಂದಲೇ ಹೊರೆಯು ದರಕ್ಕಿಂತ ಹೆಚ್ಚಾಗಿ ತೋರುವುದು. 2025ರಲ್ಲಿ ಮೂಲ ದರವು ಮತ್ತೆ 20ಕ್ಕೆ ಇಳಿದರೂ, ಜೊತೆಗೇ ಬೇರೊಂದು ಸೆಸ್ ಸೇರಿತು.

‘ನಾವು ಊರಿನ ಬಡಗಿಯ ಕೈಯಲ್ಲಿ ಮಾಡಿಸುವೆವು, ನಮಗೇನು?’ ಎಂದು ಕೇಳುವವರಿದ್ದಾರೆ. ಆದರೆ ಬಡಗಿಯ ಮರವೇ ಎಷ್ಟೋ ವೇಳೆ ಸಮುದ್ರ ದಾಟಿ ಬಂದುದು. ಕಾರೈಕುಡಿಯ ಚೆಟ್ಟಿಯಾರರ ಮಹಾಸೌಧಗಳಿಗೆ ಕಂಬಗಳನ್ನಿತ್ತ ಬರ್ಮಾ ತೇಗದ ದಿಮ್ಮಿಗಳು ಇಂದು ಬಾರವು. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ಸರ್ಕಾರವು ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. ಆಫ್ರಿಕದ ಘಾನಾದಿಂದಲೂ ದಕ್ಷಿಣ ಅಮೆರಿಕದ ಎಕ್ವಡಾರ್‌ನಿಂದಲೂ ಹಡಗೇರಿದ ತೇಗವು ಈಗ ತೂತ್ತುಕುಡಿಯಂಥ ಬಂದರುಗಳಲ್ಲಿ ಇಳಿಯುತ್ತದೆ. ದಿಮ್ಮಿಯ ಮೇಲಿನ ಸುಂಕವನ್ನು ಸಿದ್ಧವಸ್ತುವಿನದಕ್ಕಿಂತ ಬಹಳ ಕೆಳಗಿರಿಸಿರುವುದು ಸರಿಯಾದ ನೀತಿಯೆಂದೇ ನನ್ನ ಅಭಿಪ್ರಾಯ. ಕೊಯ್ಯುವ, ಹೆರೆಯುವ, ಪಾಲಿಷ್ ಹಾಕುವ ಕೆಲಸವೆಲ್ಲ ಇಲ್ಲಿಯ ಕೈಗಳಿಗೆ ದೊರಕಬೇಕಲ್ಲವೇ? ಆದರೂ ಡಾಲರಿನ ಬೆಲೆ, ಹಡಗಿನ ಬಾಡಿಗೆಗಳು ಏರಿದಾಗ ಊರಿನ ಮಂಚವೂ ಏರುತ್ತದೆ. ಇನ್ನೊಂದು ಸಂಗತಿಯು ಇದಕ್ಕಿಂತ ಗಹನವಾದುದು: ವಿದೇಶೀ ಸೋಫಾ ದುಬಾರಿಯಾದಾಗ, ಖರ್ಚು ಹೆಚ್ಚದಿದ್ದರೂ ಸ್ವದೇಶೀ ಸೋಫಾದ ಬೆಲೆಯನ್ನು ತುಸು ಮೇಲೇರಿಸಲು ವರ್ತಕನಿಗೆ ಅವಕಾಶವಾಗುವುದು. ಹಾಗೆ ಏರಿದ ಬೆಲೆಯಲ್ಲಿ ಬಡಗಿಯ ಕೂಲಿಗೆ ಏನೂ ಸೇರದಿದ್ದರೆ, ಯಾರ ರಕ್ಷಣೆಗಾಗಿ ಸುಂಕವನ್ನು ವಿಧಿಸಿದರೋ ಅವರಿಗೇ ಅದು ತಲುಪಲಿಲ್ಲವೆಂದಾಯಿತು.

ಸುಂಕ ಏರಿದಾಗ ಅಂಗಡಿಯವನ ಮುಂದೆ ಮೂರು ದಾರಿಗಳಿವೆ: ಲಾಭವನ್ನು ತಗ್ಗಿಸುವುದು, ಬೆಲೆಯನ್ನು ಏರಿಸುವುದು, ಇಲ್ಲವೇ ಬೆಲೆಯನ್ನು ಹಾಗೆಯೇ ಇರಿಸಿ ಸರಕನ್ನು ಬದಲಿಸುವುದು. ಮೂರನೆಯದರಲ್ಲಿ ಇಡೀ ಮರದ ಎಡೆಗೆ ಮರದ ಪುಡಿಯನ್ನೊತ್ತಿ ಮಾಡಿದ ಹಲಗೆ ಬಂದು, ಅದರ ಮೇಲೆ ತೇಗದ ತೆಳುಹಾಳೆ ಅಂಟಿರುತ್ತದೆ. ಜಾಹೀರಾತಿನ ಭಾಷೆಯೂ ಇದರೊಡನೆ ಬದಲಾಗುತ್ತದೆ. ಪೂರ್ಣ ಬೆಲೆಯ ಬದಲು ತಿಂಗಳ ಕಂತು ದೊಡ್ಡಕ್ಷರಗಳಲ್ಲಿ ಮೂಡುವುದು. ಹಳೆಯ ಸೋಫಾಕ್ಕೆ ‘ಎಕ್ಸ್‌ಚೇಂಜ್’, ಮಂಚದೊಡನೆ ಉಚಿತ ಹಾಸಿಗೆ ಬರುವುವು. ‘ಹಳೆಯ ಬೆಲೆಗೇ’ ಎಂಬ ಘೋಷಣೆಯು, ಸುಂಕ ಏರುವ ಮೊದಲು ತಂದ ದಾಸ್ತಾನು ಮುಗಿಯುವವರೆಗೆ ಮಾತ್ರ ಸತ್ಯವಾಗಿರಬಲ್ಲದು. ಅಮೆರಿಕದಲ್ಲಿ ನೆಲಸಿದ ಕನ್ನಡಿಗರಿಗೂ ಈ ವಿಚಾರ ದೂರದ್ದಲ್ಲ. ಆಮದಾದ ಮೆತ್ತೆಯ ಮರದ ಪೀಠಗಳಿಗೆ ಅಲ್ಲಿಯ ಸರ್ಕಾರವು 2025ರ ಅಕ್ಟೋಬರ್ 14ರಿಂದ ಶೇಕಡ 25ರ ಸುಂಕವನ್ನು ವಿಧಿಸಿತು.

ಆಮದಾದ ಪೊಟ್ಟಣಗಳ ಮೇಲೆ ಮೂಲದೇಶ, ಆಮದುದಾರನ ಹೆಸರು, ಗರಿಷ್ಠ ಮಾರಾಟ ಬೆಲೆಗಳು ಇರಬೇಕೆಂದು ನಮ್ಮ ನಿಯಮಗಳು ವಿಧಿಸಿವೆ. ಊರಿನಲ್ಲಿ ಮಾಡಿದ ಮಂಚಕ್ಕೆ ಅಂಥ ಚೀಟಿಯಿಲ್ಲವಾದ್ದರಿಂದ, ಮರ ಯಾವುದು, ಎಲ್ಲಿಯದು, ಒಳಗೂ ಅದೇ ಮರವೇ ಎಂಬ ಮೂರು ಉತ್ತರಗಳನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳುವುದು ಮಗಳಿಗೆ ಸೀರು ಕೊಡುವವರ ಹಕ್ಕು.