ಮರಣದ ಮನೆಗೆ ಪಕ್ಕದ ಮನೆಯ ಗಂಜಿ

ಮಸೀದಿಯ ಮೈಕಿನಲ್ಲಿ ಮರಣದ ಸುದ್ದಿ ಕೇಳಿದ ಕೂಡಲೇ ನಮ್ಮ ಜಮಾಅತ್‌ಗಳಲ್ಲಿ ಎಲ್ಲರ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ, ದಫನ್ ಎಷ್ಟು ಗಂಟೆಗೆ? ಈಗೀಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಬಂದವರ ಊಟಕ್ಕೆ ಏನು ಮಾಡಿದ್ದಾರೆ? ಈ ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಯಾರು? ಕೆಲವು ಕಡೆ ಮಯ್ಯಿತ್ತಿನ ಹತ್ತಿರ ಕೂತು ಯಾಸೀನ್ ಓದಬೇಕಾದ ಮಗನೇ ಎದ್ದು ಹೊರಗೆ ಹೋಗಿ, ಕಣ್ಣೊರೆಸಿಕೊಂಡು, ಅಡುಗೆಯವನಿಗೆ ಫೋನ್ ಮಾಡಿ ಎಷ್ಟು ಕಿಲೋ ಅಕ್ಕಿ ಎಂದು ಲೆಕ್ಕ ಹೇಳುವುದನ್ನು ನಾವು ನೋಡಿದ್ದೇವೆ. ನೋಡಿ ಸಂಕಟವಾಗಿದೆ.

ಹಿಜರಿ 8ನೇ ವರ್ಷ, ಅಂದರೆ ಕ್ರಿ.ಶ. 629ರಲ್ಲಿ, ಮುಅ್ತಾ ಯುದ್ಧದಲ್ಲಿ ಜಅ್ಫರ್ ಇಬ್ನ್ ಅಬೀತಾಲಿಬ್ (ರ) ಶಹೀದರಾದರು. ಪ್ರವಾದಿ (ಸ)ಯವರ ದೊಡ್ಡಪ್ಪನ ಮಗ ಅವರು. ಆ ದಿನದ ಬಗ್ಗೆ ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್ (ರ) ಹೇಳಿದ್ದು ಚರಿತ್ರೆಯ ಕಿತಾಬುಗಳಲ್ಲಿ ಉಂಟು. ಹಿಟ್ಟು ನಾದಿ ಇಟ್ಟಿದ್ದರು. ಮಕ್ಕಳಿಗೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿದ್ದರು. ಆಗ ಪ್ರವಾದಿ (ಸ) ಮನೆಗೆ ಬಂದರು, ಮಕ್ಕಳನ್ನು ಕರೆಯಿರಿ ಎಂದರು, ಅವರನ್ನು ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರು ನೋಡಿಯೇ ಅಸ್ಮಾರಿಗೆ ಸುದ್ದಿ ತಿಳಿಯಿತು. ನಂತರ ಪ್ರವಾದಿ (ಸ) ತಮ್ಮ ಮನೆಯವರಿಗೆ ಹೇಳಿದ್ದು, ಜಅ್ಫರ್‌ರ ಮನೆಯವರಿಗೆ ಅಡುಗೆ ಮಾಡಿ ಕಳಿಸಿ, ಅವರಿಗೆ ಈಗ ಬೇರೆ ಯಾವುದರ ಮೇಲೂ ಗಮನ ಇರುವುದಿಲ್ಲ ಎಂಬ ಅರ್ಥದ ಮಾತು. ಅಬೂದಾವೂದ್, ತಿರ್ಮಿದಿ ಎರಡರಲ್ಲೂ ಈ ಹದೀಸ್ ಉಂಟು. ನಾದಿದ ಆ ಹಿಟ್ಟು ಏನಾಯಿತು ಎಂದು ಕಿತಾಬಿನಲ್ಲಿ ಬರೆದಿಲ್ಲ. ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಇರುವ ಹೆಂಗಸರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ನಾವು ಅನುಸರಿಸುವ ಶಾಫಿಈ ಮದ್ಹಬಿನ ಕಿತಾಬುಗಳಲ್ಲಿ ಇದನ್ನು ಇನ್ನೂ ಸ್ಪಷ್ಟ ಮಾಡಿದ್ದಾರೆ. ನೆರೆಯವರು, ಸಂಬಂಧಿಕರು ಸೇರಿ ಮರಣದ ಮನೆಯವರಿಗೆ ಆ ಹಗಲು ಮತ್ತು ಆ ರಾತ್ರಿಗೆ ಸಾಕಾಗುವಷ್ಟು ಊಟ ತಯಾರಿಸುವುದು ಸುನ್ನತ್. ತಂದು ಇಟ್ಟು ಹೋದರೆ ಮುಗಿಯಲಿಲ್ಲ, ಒತ್ತಾಯ ಮಾಡಿ ತಿನ್ನಿಸಬೇಕು ಎಂದೂ ಇಮಾಮ್ ನವವಿ ಬರೆದಿದ್ದಾರೆ. ಆ ಒತ್ತಾಯದ ಮಾತು ನಮಗೆ ಬಹಳ ಇಷ್ಟ. ದುಃಖದಲ್ಲಿ ಇರುವವರು "ಬೇಡ" ಎಂದೇ ಹೇಳುತ್ತಾರೆ. ನಾಚಿಕೆಯಿಂದಲೂ ಹೇಳುತ್ತಾರೆ, ಹಸಿವೆಯೇ ಗೊತ್ತಾಗದೆಯೂ ಹೇಳುತ್ತಾರೆ. ಪಕ್ಕದಲ್ಲಿ ಕೂತು "ಎರಡು ತುತ್ತು ತಿನ್ನು ಮಗಾ" ಎನ್ನುವವರು ಒಬ್ಬರು ಬೇಕು.

ಆಯಿಶಾ (ರ) ಅವರ ಕ್ರಮವೂ ಹೀಗೆಯೇ. ಕುಟುಂಬದಲ್ಲಿ ಮರಣವಾದಾಗ, ಬಂದ ಹೆಂಗಸರೆಲ್ಲ ಹೋಗಿ ಮನೆಯವರು ಮತ್ತು ಹತ್ತಿರದವರು ಮಾತ್ರ ಉಳಿದ ಮೇಲೆ ಅವರು 'ತಲ್ಬೀನ' ಬೇಯಿಸಲು ಹೇಳುತ್ತಿದ್ದರು. ಅದು ಬಾರ್ಲಿ ಹಿಟ್ಟಿನ ತೆಳ್ಳಗಿನ ಗಂಜಿ. ಕಾಯಿಲೆಯವರ ಎದೆಗೆ ಅದು ಹಿತ, ದುಃಖವನ್ನು ಸ್ವಲ್ಪ ಕಡಿಮೆ ಮಾಡುತ್ತದೆ ಎಂದು ಪ್ರವಾದಿ (ಸ)ಯವರಿಂದ ಕೇಳಿದ್ದನ್ನೂ ಅವರು ಹೇಳಿದ್ದಾರೆ. ಬುಖಾರಿಯಲ್ಲಿ ಇದೆ.

ನಮ್ಮ ಕರಾವಳಿಯಲ್ಲಿ ಬಾರ್ಲಿ ಎಲ್ಲಿಂದ ತರುವುದು? ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಉಂಟು. ಜೊತೆಗೆ ತೆಂಗಿನಕಾಯಿ ಚಟ್ನಿ, ಬೇಯಿಸಿದ ಹೆಸರುಕಾಳು, ಇದ್ದರೆ ಒಂದು ತುಂಡು ಒಣಮೀನು. ಅತ್ತು ಅತ್ತು ಗಂಟಲು ಒಣಗಿದವರಿಗೆ ಬಿರಿಯಾನಿ ಇಳಿಯುವುದಿಲ್ಲ ಮಾರಾಯ್ರೆ, ಗಂಜಿ ಇಳಿಯುತ್ತದೆ. ಹಿಂದೆ ನಮ್ಮ ಉಮ್ಮಂದಿರು ಯಾರನ್ನೂ ಕೇಳದೆ ದೊಡ್ಡ ಪಾತ್ರೆ ಒಲೆಗೆ ಇಡುತ್ತಿದ್ದರು. ಒಂದು ಮನೆಯಿಂದ ಗಂಜಿ, ಇನ್ನೊಂದು ಮನೆಯಿಂದ ಚಟ್ನಿ, ಮತ್ತೊಂದು ಮನೆಯಿಂದ ಪತ್ತಿರ್. ಹಿತ್ತಿಲ ಬಾಗಿಲಿನಿಂದ ಬಂದು, ಇಟ್ಟು, ಪಾತ್ರೆ ತೊಳೆದು ಹೋಗುತ್ತಿದ್ದರು. ಬೇಲಿಯ ಆಚೆಗಿನ ಹಿಂದೂ, ಕ್ರೈಸ್ತ ನೆರೆಯವರಿಂದಲೂ ಚಹಾ, ಅವಲಕ್ಕಿ ಬರುವುದು ಹಳ್ಳಿ ಕಡೆ ಹೊಸತೇನಲ್ಲ.

ಮನೆಯಡುಗೆಯ ಬಗ್ಗೆ ಮಾತಾಡುವ ಅರ್ಹತೆ ಮದ್ರಸ ಉಸ್ತಾದರಿಗೆ ಎಲ್ಲಿಂದ ಎಂದು ಕೆಲವರು ನಗಬಹುದು. ಊರಿನ ಎಲ್ಲ ಮನೆಗಳ ಊಟ ಉಂಡವರು ನಾವು ಮಾತ್ರ! ಜಮಾಅತಿನ ಪಟ್ಟಿಯ ಪ್ರಕಾರ ದಿನಕ್ಕೊಂದು ಮನೆಯಿಂದ ನಮಗೆ ಟಿಫಿನ್ ಕ್ಯಾರಿಯರ್ ಬರುತ್ತದೆ, ಹೆಚ್ಚಾಗಿ ನಮ್ಮ ಕ್ಲಾಸಿನ ಮಕ್ಕಳ ಕೈಯಲ್ಲೇ. ಮುಚ್ಚಳ ತೆಗೆದರೆ ಯಾರ ಮನೆಯದೆಂದು ವಾಸನೆಯಲ್ಲೇ ಗೊತ್ತಾಗುತ್ತದೆ. ಗಲ್ಫಿನಲ್ಲಿ ಯಾರ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಕಾಯಿಲೆ ಉಂಟು ಎಂಬುದೂ ಕೆಲವೊಮ್ಮೆ ಸಾರಿನಿಂದಲೇ ತಿಳಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮದ್ರಸದ ಬಾಗಿಲು ಮುಚ್ಚಿತು, ಆ ರಮಝಾನಿನಲ್ಲಿ ಮಸೀದಿಯ ಇಫ್ತಾರ್ ಗಂಜಿಯೂ ಇಲ್ಲ. ಊರಿಗೆ ಹೋಗಲಾಗದೆ ರೂಮಿನಲ್ಲಿ ಉಳಿದ ಉಸ್ತಾದರಿಗೆ ಊಟ ಮಾತ್ರ ನಿಲ್ಲಲಿಲ್ಲ. ಕೆಲವು ದಿನ ಬರೇ ಗಂಜಿ, ಉಪ್ಪಿನಕಾಯಿ. ಅವರ ಮನೆಯಲ್ಲೂ ಅವತ್ತು ಅಷ್ಟೇ ಇದ್ದದ್ದು ಎಂದು ಗೊತ್ತಿದ್ದುದರಿಂದ ಅದರ ರುಚಿಯೇ ಬೇರೆ. ದಫನ್‌ಗೆ 20 ಜನರ ಮಿತಿ ಇದ್ದ ಆ ದಿನಗಳಲ್ಲಿ ಮರಣದ ಮನೆಯ ಒಳಗೆ ಹೋಗುವಂತಿರಲಿಲ್ಲ. ಕಂಪೌಂಡ್ ಗೋಡೆಯ ಮೇಲೆ ಪಾತ್ರೆ ಇಟ್ಟು, ದೂರ ನಿಂತು ಫೋನ್ ಮಾಡಿ "ತೆಗೆದುಕೊಳ್ಳಿ" ಎನ್ನುತ್ತಿದ್ದರು.

ಅಡುಗೆ ಉಂಡವರಿಗೆ ಮಾತ್ರ ಸಮಾಧಾನ ಎಂದುಕೊಳ್ಳಬೇಡಿ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡರು. ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ಇದ್ದದ್ದು ಉಮ್ಮ ಮತ್ತು ಒಬ್ಬ ಮೊಮ್ಮಗ. ನಾಲ್ಕು ತಿಂಗಳು ಹತ್ತು ದಿನ ಇದ್ದಾ ಕೂರಬೇಕಲ್ಲ, ತೊಂದರೆ ಬೇಡವೆಂದು ಜಮಾಅತಿನವರು ಊಟದ ಪಟ್ಟಿಯಿಂದ ಆ ಮನೆಯ ಹೆಸರು ತೆಗೆದರು. ಒಳ್ಳೆಯ ಮನಸ್ಸಿನಿಂದಲೇ ತೆಗೆದದ್ದು. ಒಂದು ತಿಂಗಳು ಕಳೆದಿರಬೇಕು, ಮೊಮ್ಮಗ ಕ್ಲಾಸಿಗೆ ಬಂದು, "ಉಸ್ತಾದ್, ನಮ್ಮ ಪಾಳಿ ಯಾಕೆ ತೆಗೆದದ್ದು ಅಂತ ಉಮ್ಮ ಕೇಳ್ತಾರೆ" ಎಂದ. ಅವರು ಅಷ್ಟು ದಿನ ಸರಿಯಾಗಿ ಒಲೆ ಹಚ್ಚಿರಲೇ ಇಲ್ಲವಂತೆ, ತನಗೊಬ್ಬಳಿಗೆ ಏನು ಮಾಡುವುದೆಂದು. ಹುಡುಗನಿಗೆ ಬ್ರೆಡ್ಡು, ಚಹಾ. ಹೆಸರು ಪುನಃ ಸೇರಿಸಿದೆವು. ಆ ವಾರ ಬಂದ ಕ್ಯಾರಿಯರ್‌ನಲ್ಲಿ ಪುಂಡಿ ಮತ್ತು ಕೋಳಿ ಸಾರು ಇತ್ತು, ತೀರಿಕೊಂಡವರಿಗೆ ಇಷ್ಟದ್ದಂತೆ. ಮೊಮ್ಮಗನೂ ಅವತ್ತು ಹೊಟ್ಟೆ ತುಂಬ ತಿಂದು ಬಂದಿದ್ದ.

ದೂರದಿಂದ ಬಂದವರಿಗೆ ಊಟ ಕೊಡಬಾರದು ಎಂದು ನಾವು ಹೇಳುತ್ತಿಲ್ಲ. ಸಾಮರ್ಥ್ಯ ಇದ್ದವರು ಮರಣಿಸಿದವರ ಹೆಸರಿನಲ್ಲಿ ದಾನ ಮಾಡುವುದೂ ಬೇರೆ ವಿಷಯ. ಆದರೆ ಮೊದಲ ದಿನ ಆ ಮನೆಯ ಒಲೆಯ ಮೇಲೆ ನಮಗಾಗಿ ಅನ್ನ ಬೇಯಬಾರದು, ಸಾಲ ಮಾಡಿಯಂತೂ ಬೇಡವೇ ಬೇಡ. ಜಮಾಅತ್ ಕಮಿಟಿಯವರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಉಸ್ತಾದರ ಊಟಕ್ಕೆ ಪಟ್ಟಿ ಇದ್ದ ಹಾಗೆ ಮರಣದ ಮನೆಗೂ ಹತ್ತಿರದ ನಾಲ್ಕು ಮನೆಗಳ ಪಟ್ಟಿ ಮಾಡಬಹುದು. ಮೂರನೇ ದಿನ ಕಳೆದು ಜನ ಚದುರಿದ ಮೇಲೆಯೂ ವಾರಕ್ಕೊಮ್ಮೆ ಒಂದು ಪಾತ್ರೆ ಹೋಗಲಿ. ತೆಗೆದುಕೊಂಡು ಹೋದವರು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂರಲಿ. ಪಾತ್ರೆ ವಾಪಸ್ ಕೊಡಿ ಎಂದು ಅವಸರ ಮಾಡಬೇಡಿ. ನಿಧಾನಕ್ಕೆ ಬರುತ್ತದೆ, ಹೆಚ್ಚಾಗಿ ಅದರಲ್ಲಿ ಏನಾದರೂ ಹಾಕಿಯೇ ಕೊಡುತ್ತಾರೆ.