ಚಕ್ರದ ಕೊಳೆ ಬಿಡಿಸುವ ಕಸುಬು

ಊರಿನ ವಾಟರ್ ಸರ್ವಿಸ್ ಅಂಗಡಿಯಲ್ಲಿ ಕಾರು ತೊಳೆಯುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೊದಲು ಮೇಲಿನಿಂದ ಜೆಟ್ ನೀರು, ಆಮೇಲೆ ನೊರೆ, ಆಮೇಲೆ ಒರೆಸುವುದು. ಚಕ್ರಗಳ ಸರದಿ ಬರುವುದು ಕಟ್ಟಕಡೆಗೆ, ಬಕೆಟ್ಟಿನಲ್ಲಿ ಉಳಿದ ನೀರು ಮತ್ತು ಕೈಯಲ್ಲಿ ಉಳಿದ ಹಳೆ ಬಟ್ಟೆಯೊಂದಿಗೆ. ಟೈರಿಗೆ ಕಪ್ಪು ಪಾಲಿಶ್ ಬಳಿದರೆ ಕೆಲಸ ಮುಗಿಯಿತು.

ಕಾರ್ ಡೀಟೇಲಿಂಗ್ ಕಸುಬನ್ನು ಸರಿಯಾಗಿ ಕಲಿತವರು ಈ ಕ್ರಮವನ್ನು ತಿರುಗಿಸಿ ಹಾಕುತ್ತಾರೆ. ಅವರ ಕೆಲಸ ಶುರುವಾಗುವುದೇ ಚಕ್ರದಿಂದ. ಕಾರಿನಲ್ಲಿ ಅತಿ ಹೆಚ್ಚು ಕೊಳೆ ಕೂರುವ ಜಾಗ ಅದು. ಮೈ ತೊಳೆದ ಮೇಲೆ ಚಕ್ರ ಉಜ್ಜಿದರೆ ಸಿಡಿದ ಹೊಲಸು ಮತ್ತೆ ಬಾಗಿಲಿಗೆ ಬಡಿಯುತ್ತದೆ, ಉಜ್ಜಿ ಮುಗಿಸುವಷ್ಟರಲ್ಲಿ ಮೇಲಿನ ನೀರು ಆರಿ ಗಾಜಿನ ಮೇಲೆ ಕಲೆ ನಿಲ್ಲುತ್ತದೆ. ಚಕ್ರಕ್ಕೆ ಬಳಸಿದ ಬ್ರಷ್, ಬಟ್ಟೆ, ಬಕೆಟ್ ಯಾವುದನ್ನೂ ಅವರು ಕಾರಿನ ಮೈಗೆ ತಾಗಿಸುವುದಿಲ್ಲ. ಲೋಹದ ಸಣ್ಣ ಕಣಗಳು ಬಟ್ಟೆಯಲ್ಲಿ ಉಳಿದರೆ ಬಾನೆಟ್ ಮೇಲೆ ಗೀರು ಖಂಡಿತ.

ವಾರಕ್ಕೊಮ್ಮೆ ತೊಳೆಯುವ ಕಾರಿಗೆ ಇಷ್ಟು ತಿಳಿದರೆ ಸಾಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಧೂಳು ತಿಂದು ನಿಂತ ಕಾರು, ತೋಟದ ಶೆಡ್ಡಿನಿಂದ ಹೊರಬಂದ ಹಳೆಯ ಜೀಪು, ಸೆಕೆಂಡ್‌ಹ್ಯಾಂಡ್ ಕೊಂಡು ತಂದ ಗಾಡಿ, ಇವುಗಳ ಚಕ್ರದ ಕಥೆ ಬೇರೆ. ಅಲ್ಲಿ ಬಣ್ಣ ಯಾವುದು, ಕೊಳೆ ಯಾವುದು ಎಂದು ಗುರುತಿಸುವುದೇ ಕಷ್ಟ. ಕಸುಬುದಾರರ ಜಾಣ್ಮೆ ಪರೀಕ್ಷೆಗೆ ಒಳಗಾಗುವುದು ಇಂಥ ಚಕ್ರಗಳ ಮುಂದೆಯೇ.

ಕೊಳೆಯ ಪತ್ತೆ

ಹಳೆಯ ಚಕ್ರದ ಮೇಲೆ ಕೂತಿರುವುದು ಬರೀ ಮಣ್ಣಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡು ಬೀಡುಕಬ್ಬಿಣದ ಡಿಸ್ಕನ್ನು ಹಿಡಿದು ಉಜ್ಜುತ್ತದೆ. ಎರಡೂ ಚೂರುಚೂರೇ ಸವೆಯುತ್ತವೆ. ಹೀಗೆ ಹಾರುವ ಬಿಸಿ ಕಣಗಳಲ್ಲಿ ಕಬ್ಬಿಣ, ಇಂಗಾಲ, ಪ್ಯಾಡಿನ ಅಂಟು ಎಲ್ಲವೂ ಇರುತ್ತವೆ. ಕಬ್ಬಿಣದ ಕಣ ರಿಮ್‌ನ ಬಣ್ಣದ ಪದರಕ್ಕೆ ಕಚ್ಚಿಕೊಂಡು, ತೇವ ತಾಗಿ ತುಕ್ಕು ಹಿಡಿಯುತ್ತದೆ. ಬೆಳ್ಳಿ ಬಣ್ಣದ ಅಲಾಯ್ ಚಕ್ರದಲ್ಲಿ ಸಾಸಿವೆ ಗಾತ್ರಕ್ಕಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಕಂಡರೆ ಅದು ಇದೇ. ಸೋಪಿನ ನೀರಿಗೆ ಅದು ಜಗ್ಗುವುದಿಲ್ಲ.

ಒಂದೇ ಕಾರಿನಲ್ಲಿ ಮುಂದಿನ ಚಕ್ರಗಳು ಕಪ್ಪಾಗಿ, ಹಿಂದಿನವು ಅಷ್ಟು ಕೆಡದೆ ಇರುವುದನ್ನು ಹಲವರು ನೋಡಿರುತ್ತಾರೆ. ಬ್ರೇಕಿನ ಹೆಚ್ಚಿನ ಭಾರ ಬೀಳುವುದು ಮುಂದಿನ ಚಕ್ರಗಳ ಮೇಲೆ. ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಅದರ ಪುಡಿ ಬಹುಪಾಲು ಡ್ರಮ್ಮಿನ ಒಳಗೇ ಉಳಿಯುತ್ತದೆ.

ಇದರ ಜೊತೆಗೆ ಊರಿನ ಮಣ್ಣು ತನ್ನ ಪಾಲು ಸೇರಿಸುತ್ತದೆ. ಗದಗ, ವಿಜಯಪುರದ ಕಡೆಯ ಎರೆಮಣ್ಣು ಹಸಿಯಿದ್ದಾಗ ಅಂಟಿ, ಒಣಗಿದಾಗ ಕಲ್ಲಾಗುತ್ತದೆ. ರಿಮ್‌ನ ಒಳಮೈಯಲ್ಲಿ ಒಂದು ಕಡೆ ಅದು ಗಟ್ಟಿಯಾಗಿ ಕೂತರೆ ಚಕ್ರದ ತೂಕದ ಸಮತೋಲ ತಪ್ಪಿ ಸ್ಟೀರಿಂಗ್ ನಡುಗತೊಡಗುತ್ತದೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸುವ ಮೊದಲು ಒಳಗಿನ ಮಣ್ಣು ತೆಗೆಯಬೇಕು ಎನ್ನುವುದು ಅದಕ್ಕೇ. ಸಂಡೂರು, ಹೊಸಪೇಟೆಯ ಅದಿರಿನ ಕೆಂದೂಳು ನುಣುಪಾಗಿ ಕಂಡರೂ ಉಜ್ಜಿದರೆ ಬಣ್ಣವನ್ನು ಗೀರುತ್ತದೆ. ಕಾರವಾರ, ಮಂಗಳೂರಿನ ಉಪ್ಪುಗಾಳಿ ಅಲಾಯ್ ಚಕ್ರದ ಬಣ್ಣ ಕಿತ್ತುಹೋದ ಜಾಗದಲ್ಲಿ ಒಳನುಗ್ಗಿ, ಪಾರದರ್ಶಕ ಪದರದ ಕೆಳಗೆ ಬಿಳಿ ಎಳೆಗಳಂತೆ ಹರಡುತ್ತದೆ. ಅದು ಕೊಳೆಯಲ್ಲ, ಅಲ್ಯೂಮಿನಿಯಂ ಸವೆದ ಗುರುತು. ಎಷ್ಟು ತೊಳೆದರೂ ಹೋಗದು. ಬಣ್ಣ ಕೆರೆದು ಹೊಸದಾಗಿ ಬಳಿಸಬೇಕು. ಹೊಸ ರಸ್ತೆಯ ಡಾಂಬರಿನ ಹನಿಗಳಿಗೆ ಮತ್ತೊಂದೇ ಔಷಧ.

ಟೈರು ಏಕೆ ಕಂದು?

ಟೈರು ಕಪ್ಪಾಗಿರುವುದು ರಬ್ಬರಿಗೆ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ತಯಾರಕರು 6ಪಿಪಿಡಿ ಎಂಬ ರಾಸಾಯನಿಕವನ್ನು ಸೇರಿಸುತ್ತಾರೆ. ಇದು ನಿಧಾನವಾಗಿ ಒಳಗಿನಿಂದ ಮೇಲ್ಮೈಗೆ ಬಂದು, ರಬ್ಬರಿನ ಬದಲು ತಾನೇ ಓಝೋನಿಗೆ ಬಲಿಯಾಗುತ್ತದೆ. ಹೀಗೆ ಮುಗಿದುಹೋದ ರಕ್ಷಕ ಪದರವೇ ಟೈರಿನ ಗೋಡೆಯ ಮೇಲಿನ ಕಂದು ಬಣ್ಣ.

ಈ ಕಂದನ್ನು ಮುಚ್ಚಲು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಒರೆಸಿದ ಗಳಿಗೆ ಟೈರು ಹೊಸದರಂತೆ ಮಿಂಚುತ್ತದೆ ನಿಜ. ಆದರೆ ಈ ಎಣ್ಣೆಗಳು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ, ರಕ್ಷಕ ಅಂಶಗಳನ್ನು ಹೊರಗೆ ಸೆಳೆಯುತ್ತವೆ. ಸರಿಯಾದ ದಾರಿ ಸರಳ: ಟೈರಿಗೆಂದೇ ಸಿಗುವ ಕ್ಲೀನರ್ ಸಿಂಪಡಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಉಜ್ಜುವುದು. ಮೊದಲ ಸಲ ಬರುವ ನೊರೆ ಚಹಾದ ಬಣ್ಣಕ್ಕಿರುತ್ತದೆ. ತೊಳೆದು ಮತ್ತೆ ಉಜ್ಜಬೇಕು. ನೊರೆ ಬೆಳ್ಳಗೆ ಬಂದಾಗ ಟೈರು ಶುಚಿಯಾಯಿತೆಂದು ಲೆಕ್ಕ.

ಆಸಿಡ್ ಎಂಬ ಅಡ್ಡದಾರಿ

ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಮುಂದೆ ಗಾಡಿಗಳ ಸಾಲು ರಸ್ತೆಯವರೆಗೆ ಬೆಳೆಯುತ್ತದೆ. ಇಂಥ ಅವಸರದಲ್ಲಿ ಕೈ ಆಸಿಡ್ ಬಾಟಲಿಯತ್ತ ಹೋಗುವುದು ಸುಲಭ. ಶೌಚಾಲಯ ತೊಳೆಯುವ ದ್ರಾವಣವನ್ನೇ ರಿಮ್‌ಗೆ ಸುರಿಯುವವರೂ ಇದ್ದಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಕೊಳೆಯೊಂದಿಗೆ ಅಲ್ಯೂಮಿನಿಯಂನ್ನೂ ತಿನ್ನುತ್ತದೆ, ಹೊಳಪು ಹೋಗಿ ಮಬ್ಬು ಕಲೆ ಶಾಶ್ವತವಾಗುತ್ತದೆ. ಕಾಸ್ಟಿಕ್ ಸೋಡಾ ಕೂಡ ಹಾಗೆಯೇ. ಪ್ರಬಲ ಆಮ್ಲ, ಪ್ರಬಲ ಕ್ಷಾರ ಎರಡಕ್ಕೂ ಅಲ್ಯೂಮಿನಿಯಂ ಕರಗುವ ಲೋಹ. ಆಸಿಡ್ ಬಳಸಿದ ಕಡೆಯೇ ಬ್ಲೀಚಿಂಗ್ ದ್ರಾವಣ ಬೆರೆತರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಹೈಡ್ರೋಫ್ಲೋರಿಕ್ ಆಸಿಡ್ ಮತ್ತು ಅದೇ ಜಾತಿಯ ಅಮೋನಿಯಂ ಬೈಫ್ಲೋರೈಡ್. ಕೆಲವು ಅಗ್ಗದ, ಕಡುಶಕ್ತಿಯ ವೀಲ್ ಕ್ಲೀನರುಗಳಲ್ಲಿ ಇವು ಇರುತ್ತವೆ. ಉರಿ ತಕ್ಷಣ ಗೊತ್ತಾಗುವುದಿಲ್ಲ, ತೆಳುವಾದ ದ್ರಾವಣವಾದರೆ ನೋವು ಕಾಣಲು ಗಂಟೆಗಳೇ ಹಿಡಿಯಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದು, ದೇಹದ ಕ್ಯಾಲ್ಸಿಯಂನ್ನು ಹಿಡಿದಿಡುತ್ತದೆ. ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತಜ್ಞರು 2001ರಿಂದ 2013ರವರೆಗೆ ಕಾರು, ಲಾರಿ ತೊಳೆಯುವ ಕಾರ್ಮಿಕರಿಗಾದ ಇಂಥ ಗಾಯಗಳನ್ನು ದಾಖಲೆಗಳಿಂದ ಹೆಕ್ಕಿ 2015ರಲ್ಲಿ ಪ್ರಕಟಿಸಿ ಎಚ್ಚರಿಸಿದ್ದರು. ಇದು ತಾಗಿದೆಯೆಂಬ ಅನುಮಾನವಿದ್ದರೂ ಧಾರಾಳ ನೀರಿನಲ್ಲಿ ತೊಳೆದು, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇದರ ಚಿಕಿತ್ಸೆಯ ಭಾಗ. ಬಾಟಲಿಯ ಮೇಲೆ ಒಳಗಿನ ಅಂಶಗಳ ಹೆಸರಿಲ್ಲದಿದ್ದರೆ ಅದನ್ನು ಬಳಸದಿರುವುದೇ ಸರಿ.

ಮೃದುವಿನಿಂದ ಕಡುವಿಗೆ

ನುರಿತವರು ಹಿಡಿಯುವ ಸೂತ್ರ ಒಂದೇ: ಎಲ್ಲಕ್ಕಿಂತ ಮೃದುವಾದುದರಿಂದ ಶುರು ಮಾಡಿ, ಅದು ಸೋತ ಜಾಗದಲ್ಲಿ ಮಾತ್ರ ಒಂದು ಮೆಟ್ಟಿಲು ಮೇಲೇರುವುದು.

ಮೊದಲಿಗೆ ಕಾರು ನೆರಳಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು. ಚಕ್ರ, ಡಿಸ್ಕ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಲೋಹದ ಮೇಲೆ ಯಾವ ದ್ರಾವಣ ಹಾಕಿದರೂ ಅದು ಆರಿ ಕಲೆಯಾಗುತ್ತದೆ. ರಿಮ್ ಯಾವ ಬಗೆಯದೆಂದು ನೋಡುವುದೂ ಈಗಲೇ: ಬಣ್ಣದ ಅಲಾಯೇ, ಕ್ರೋಮಿಯಂ ಲೇಪವೇ, ಬರೀ ಪಾಲಿಶ್ ಮಾಡಿದ ಲೋಹವೇ, ಉಕ್ಕಿನ ರಿಮ್ಮೇ. ಪಾಲಿಶ್ ಮಾಡಿದ ಬರೀ ಲೋಹಕ್ಕೆ ಸೌಮ್ಯ ಶಾಂಪೂ ಬಿಟ್ಟು ಬೇರೇನೂ ಸಲ್ಲದು. ಉಕ್ಕಿನ ರಿಮ್ ತುಕ್ಕು ಹಿಡಿದಿದ್ದರೆ ತಂತಿಯ ಬ್ರಷ್ಷಿನಿಂದ ಕೆರೆದು, ಪ್ರೈಮರ್ ಹೊಡೆದು, ಬಣ್ಣ ಬಳಿಯಬಹುದು. ಅಲಾಯ್‌ಗೆ ತಂತಿಯ ಬ್ರಷ್ ಮುಟ್ಟಿಸಲೇಬಾರದು.

ಒಣ ಬ್ರೇಕ್ ಪುಡಿಯನ್ನು ಗಾಳಿಯ ಪೈಪಿನಿಂದ ಊದುವುದು, ಒಣಬಟ್ಟೆಯಲ್ಲಿ ಝಾಡಿಸುವುದು ಬೇಡ. ಹಳೆಯ ಕಾಲದ ಬ್ರೇಕ್ ಪ್ಯಾಡು, ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಉಸಿರಿನೊಂದಿಗೆ ಒಳಹೋದ ಅದರ ಎಳೆ ಶ್ವಾಸಕೋಶದಲ್ಲೇ ಉಳಿಯುತ್ತದೆ. ಮೊದಲು ನೀರು ಬೀಳಬೇಕು. ಸೀದುಹೋದ ಪಾತ್ರೆಗೆ ನೀರು ಹಾಕಿ ನೆನೆಯಲು ಬಿಡುವ ಹಾಗೆ ಚಕ್ರವನ್ನೂ, ಮಡ್‌ಗಾರ್ಡಿನ ಒಳಗಿನ ಕಮಾನನ್ನೂ ಚೆನ್ನಾಗಿ ನೆನೆಸಿದರೆ ಅರ್ಧ ಮಣ್ಣು ತಾನಾಗಿಯೇ ಬಿಡುತ್ತದೆ. ಜೆಟ್ ಗನ್ನಿನ ಮೂತಿ ಟೈರಿನಿಂದ ಒಂದಡಿಯಾದರೂ ದೂರವಿರಲಿ. ತೀರ ಹತ್ತಿರದಿಂದ ಹೊಡೆದ ನೀರು ಟೈರಿನ ಪಕ್ಕದ ಗೋಡೆಯನ್ನೇ ಸೀಳಬಲ್ಲದು.

ಆಮೇಲೆ ಟೈರು, ಅದಾದ ಮೇಲೆ ಶಾಂಪೂ ನೀರು ಮತ್ತು ಮೃದು ಬ್ರಷ್ಷಿನಿಂದ ರಿಮ್. ನಟ್ಟಿನ ಗುಳಿಗಳಿಗೆ ಹಳೆಯ ಟೂತ್‌ಬ್ರಷ್ ಸಾಕು. ಇಷ್ಟಾದ ಮೇಲೂ ಉಳಿದ ಕಿತ್ತಳೆ ಚುಕ್ಕೆಗಳಿಗೆ ಕಬ್ಬಿಣ ಕರಗಿಸುವ ಐರನ್ ರಿಮೂವರ್ ಎಂಬ ದ್ರಾವಣವಿದೆ. ಇದರ ಮುಖ್ಯ ಅಂಶ ಥಯೋಗ್ಲೈಕೊಲೇಟ್. ಕೂದಲು ತೆಗೆಯುವ ಕ್ರೀಮುಗಳಲ್ಲಿ ಇರುವುದೂ ಇದೇ ಕುಟುಂಬದ ರಾಸಾಯನಿಕ, ಅದಕ್ಕೇ ಅದೇ ಗಂಧಕದ ನಾತ. ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಕಬ್ಬಿಣದ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯತೊಡಗುತ್ತದೆ. ಬಹುತೇಕ ಆಸಿಡ್ ಇಲ್ಲದ ಈ ದ್ರಾವಣ ಬಣ್ಣದ ಪದರವನ್ನು ಕೆಡಿಸದೆ ಕಬ್ಬಿಣವನ್ನಷ್ಟೇ ಹಿಡಿಯುತ್ತದೆ. ಆದರೂ ಆರಲು ಬಿಡದೆ ಕೆಲವೇ ನಿಮಿಷದಲ್ಲಿ ತೊಳೆಯಬೇಕು, ಗ್ಲೌಸು, ಕನ್ನಡಕ ಹಾಕಿಯೇ ಬಳಸಬೇಕು, ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಬೇಕು. ಡಾಂಬರಿನ ಹನಿಗೆ ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ಒತ್ತಿಹಿಡಿದರೆ ಮೆತ್ತಗಾಗಿ ಬರುತ್ತದೆ. ರಿಮ್ ಒಳಗೆ ಅಂಟಿಸಿರುವ ಬ್ಯಾಲೆನ್ಸಿಂಗ್ ತೂಕಗಳಿಗೆ ಅದು ತಾಗದಿರಲಿ. ಅಂಟು ಬಿಟ್ಟರೆ ತೂಕ ಬಿದ್ದುಹೋಗುತ್ತದೆ.

ಚಕ್ರ ಕಳಚುವುದಾದರೆ

ವರ್ಷಗಳ ಕೊಳೆ ರಿಮ್‌ನ ಒಳಮೈಯಲ್ಲಿ ಕೂತಿದ್ದರೆ ಚಕ್ರ ಬಿಚ್ಚದೆ ಗತಿಯಿಲ್ಲ. ಒಂದೊಂದೇ ಚಕ್ರ ಬಿಚ್ಚಿ ತೊಳೆದು ಹಾಕುವುದು ಕ್ಷೇಮ. ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ನಟ್ಟುಗಳನ್ನು ಸ್ವಲ್ಪ ಸಡಿಲಿಸಿದ ಮೇಲೆಯೇ ಜಾಕ್ ಎತ್ತಬೇಕು. ಕಾರಿನೊಂದಿಗೆ ಬರುವ ಜಾಕ್ ಇರುವುದು ಸ್ಟೆಪ್ನಿ ಬದಲಾಯಿಸುವುದಕ್ಕೆ. ಅದರ ಆಸರೆಯಲ್ಲಿ ಕಾರಿನ ಕೆಳಗೆ ತಲೆ, ಕೈ ತೂರಿಸುವಂತಿಲ್ಲ. ಗಟ್ಟಿ ಸ್ಟ್ಯಾಂಡ್ ಬೇಕು. ಮರಳಿ ಹಾಕುವಾಗ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕು. ಬಿಗಿತದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ.

ಟೈರ್ ಪಾಲಿಶ್ ಕೊನೆಯ ಕೆಲಸ. ನೀರು ಆಧಾರಿತ ಪಾಲಿಶನ್ನು ಸ್ಪಂಜಿಗೆ ಹಾಕಿ ಪಕ್ಕದ ಗೋಡೆಗೆ ಮಾತ್ರ ತೆಳುವಾಗಿ ಬಳಿದರೆ ಸಾಕು. ನೆಲ ಹಿಡಿಯುವ ಭಾಗಕ್ಕೆ ತಾಗಿದರೆ ಚಕ್ರ ಜಾರುತ್ತದೆ, ಡಿಸ್ಕಿಗೆ ಸಿಡಿದರೆ ಬ್ರೇಕ್ ಹಿಡಿಯುವುದಿಲ್ಲ. ತೊಳೆದ ಮೇಲೆ ಕಾರನ್ನು ನಿಧಾನವಾಗಿ ಓಡಿಸಿ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಡಿಸ್ಕಿನ ನೀರು ಆರಿ, ತುಕ್ಕು ಹಿಡಿಯುವುದು ತಪ್ಪುತ್ತದೆ.

ಕೊಳೆ ಹೋದ ಟೈರು ತನ್ನ ಆರೋಗ್ಯವನ್ನು ಬಿಚ್ಚಿ ತೋರಿಸುತ್ತದೆ. ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಸವೆತದ ಗುರುತು ಹಳ್ಳಗಳ ಒಳಗೆ 1.6 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ರಬ್ಬರು ಅದರ ಮಟ್ಟಕ್ಕೆ ಇಳಿದಿದ್ದರೆ ಟೈರು ಮುಗಿದಂತೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಬದಲಾಯಿಸಿ ಎನ್ನುವುದು ಮಿಶೆಲಿನ್ ಕಂಪನಿಯ ಸಲಹೆ. ಗೋಡೆಯಲ್ಲಿ ಬಿರುಕು, ಉಬ್ಬು ಕಂಡರೆ ಅದರ ಮೇಲೆ ಪಾಲಿಶ್ ಬಳಿಯುವುದು ಅಪಾಯವನ್ನು ಮುಚ್ಚಿಡುವ ಕೆಲಸ.

ನೀರು ಎಲ್ಲಿಗೆ?

ಚಕ್ರದಿಂದ ಇಳಿದ ಕಂದು, ನೇರಳೆ ನೀರು ಎಲ್ಲಿಗೆ ಹೋಗುತ್ತದೆಂಬುದು ಈ ಕಸುಬಿನ ದೊಡ್ಡ ಪ್ರಶ್ನೆ. ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ರಾಶಿರಾಶಿಯಾಗಿ ಸಾಯುತ್ತಿದ್ದುದಕ್ಕೆ ಕಾರಣ ಹುಡುಕಿದ ವಿಜ್ಞಾನಿಗಳು, 2020ರ ಡಿಸೆಂಬರ್‌ನಲ್ಲಿ ಉತ್ತರ ಪ್ರಕಟಿಸಿದರು. ಟೈರಿನ 6ಪಿಪಿಡಿ ಓಝೋನಿನೊಂದಿಗೆ ಸೇರಿ ಹುಟ್ಟುವ ವಸ್ತುವೇ ಆ ವಿಷ. ಬ್ರೇಕ್ ಪ್ಯಾಡಿನ ತಾಮ್ರವೂ ಜಲಚರಗಳಿಗೆ ಕೇಡು ಎಂದು ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲೇ ಕಾನೂನು ತಂದವು.

ಬೆಂಗಳೂರಿನಲ್ಲಿ ರಸ್ತೆಬದಿಯ ಚರಂಡಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ಕೆರೆ ಸೇರುತ್ತದೆ. ನೀರಿನ ಬರ ಬಿಗಡಾಯಿಸಿದ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಮನೆಯ ಮುಂದೆ ಪೈಪು ಹಿಡಿದು ನಿಲ್ಲುವ ಬದಲು, ಶುದ್ಧೀಕರಿಸಿದ ನೀರು ಬಳಸುವ, ಎಣ್ಣೆ ಮತ್ತು ಹೂಳು ಹಿಡಿಯುವ ತೊಟ್ಟಿ ಇರುವ ಅಂಗಡಿಗೆ ಗಾಡಿ ಒಯ್ಯುವುದು ಒಳ್ಳೆಯದು.

ಅಲ್ಲಿ ಕಾರು ಬಿಡುವ ಮುನ್ನ ಗಿರಾಕಿಗಳು ಎರಡು ಪ್ರಶ್ನೆ ಕೇಳಲಿ: ಚಕ್ರಕ್ಕೆ ಹಾಕುವ ಬಾಟಲಿಯಲ್ಲಿ ಏನಿದೆ, ಉಜ್ಜುವ ಹುಡುಗನಿಗೆ ಗ್ಲೌಸು ಕೊಟ್ಟಿದ್ದೀರಾ? ಉತ್ತರ ಸರಿ ಬಾರದಿದ್ದರೆ ಬೇರೆ ಅಂಗಡಿ ನೋಡಿ.